ಕೊಡದೆ ಇಟ್ಟುಕೊಂಡ ಮೂರು ಗುಳಿಗೆ

ಅಕ್ಕನ ಆಪರೇಷನ್ ಆದ ದಿನ ಮಧ್ಯಾಹ್ನ ಒಂದು, ಸಂಜೆ ಒಂದು, ಮರುದಿನ ಬೆಳಿಗ್ಗೆ ಒಂದು. ಹೀಗೆ ಮೂರು ಹೊತ್ತು ಕೊಡಬೇಕಿದ್ದ ಬಿಳಿ ಗುಳಿಗೆಯನ್ನು ನಾನು ಅವಳಿಗೆ ಕೊಡಲಿಲ್ಲ. ಮರೆತು ಅಲ್ಲ. ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಬೇಕೆಂದೇ ಅಂಗಿಯ ಜೇಬಿಗೆ ಹಾಕಿಕೊಂಡೆ. ಕೇಳಿದವರಿಗೆಲ್ಲ ಕೊಟ್ಟೆ ಎಂದೆ. ಆ ಮಾತಿನಿಂದ ಅಕ್ಕನಿಗೆ ಏನಾಯಿತು, ಇನ್ನೊಬ್ಬಳಿಗೆ ಏನಾಯಿತು ಎಂಬುದನ್ನು ಬರೆಯಲು ಕುಳಿತಿದ್ದೇನೆ. ನಾನು ಓದಿದ್ದು ಐದನೇ ತರಗತಿ. ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ನಾನು ಕಂಪ್ಲಿಯ ಕಡೆ ನೀರಗಂಟಿ. ಕಾಲುವೆಯ ನೀರನ್ನು ಸರದಿಯ ಪ್ರಕಾರ ಗದ್ದೆಗಳಿಗೆ ಹಂಚುವುದು, ತೂಬು ಏರಿಸುವುದು ಇಳಿಸುವುದು, ಬದುಗಳಲ್ಲಿ ಏಡಿ ತೂತು ಕೊರೆದಿದೆಯೇ ಎಂದು ನೋಡಿ ಮಣ್ಣು ಮೆತ್ತುವುದು ನನ್ನ ಕೆಲಸ. ಈ ಕೆಲಸದಲ್ಲಿ ಯಾರನ್ನೂ ನಂಬಬಾರದು. ಎದುರಿಗೆ ಕೈ ಮುಗಿಯುವ ರೈತನೇ ನಾನು ಬೆನ್ನು ತಿರುಗಿಸಿದ ಮೇಲೆ ಬದು ಕಡಿದು ನೀರು ಬಿಟ್ಟುಕೊಳ್ಳುತ್ತಾನೆ. ಮಣ್ಣಿನ ಹಸಿ ನೋಡಿ ಯಾವ ಹೊತ್ತಿಗೆ ಕಡಿದಿದ್ದಾರೆ ಎಂದು ಹೇಳಬಲ್ಲೆ. ಇಪ್ಪತ್ತು ವರ್ಷ ಹೀಗೆ ಅನುಮಾನ ಪಡುತ್ತಲೇ ಅನ್ನ ತಿಂದವನು ನಾನು. ಅಕ್ಕ ತಮಾಷೆಗೆ, "ಇವ ನಮ್ಮನ್ಯಾಗ ಚಹಾ ಕುಡಿಯಾಕ ಬಂದ್ರೂ ಮೊದಲ ಕಪ್ಪಿನ ತಳ ನೋಡ್ತಾನ," ಅನ್ನುತ್ತಿದ್ದಳು.

ಅಕ್ಕನ ಮನೆ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ. ಶಾಲೆಯೊಂದರಲ್ಲಿ ಬಿಸಿಯೂಟ ಮಾಡುವ ಕೆಲಸ. ನನಗಿಂತ ಹತ್ತು ವರ್ಷ ದೊಡ್ಡವಳು. ಅವ್ವ ಬೇಗ ಹೋದಳು. ಅಪ್ಪ ಹಂಪಿಯ ಕಡೆ ಬಾಳೆ ತೋಟಗಳಲ್ಲಿ ಗೊನೆ ಹೊರುತ್ತಿದ್ದ. ನನ್ನನ್ನು ಬೆಳೆಸಿದವಳು ಅಕ್ಕ. ಅಪ್ಪ ಒಂದು ದಿನ ಮಂಚದ ಮೇಲೆ ಕುಳಿತು ಮಾತಾಡುತ್ತಿದ್ದಾಗಲೇ ಅವನ ಬಾಯಿ ಸೊಟ್ಟಗಾಗಿ, ಬಲಗೈ ಸ್ವಾಧೀನ ತಪ್ಪಿತು. ತಲೆಯ ನರದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ನಾಲ್ಕನೇ ದಿನ ತೀರಿಕೊಂಡ. ಅಂದಿನಿಂದ ಹೆಪ್ಪು ಎಂಬ ಮಾತು ಕೇಳಿದರೆ ನನಗೆ ಅಪ್ಪನ ಬಾಯಿ ಕಣ್ಣಿಗೆ ಬರುತ್ತದೆ.

ಅಕ್ಕ ಬಿದ್ದದ್ದು ಶಾಲೆಯ ಅಡುಗೆಮನೆಯಲ್ಲಿ, ಅಕ್ಕಿ ತೊಳೆದ ನೀರಿನ ಮೇಲೆ ಕಾಲು ಜಾರಿ. ಸೊಂಟದ ಕೀಲು ಮುರಿದಿತ್ತು. ಹೊಸಪೇಟೆಯ ಒಂದು ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರು ಚಿಕ್ಕ ವಯಸ್ಸಿನವರು. ಮುರಿದ ಕೀಲಿನ ಗುಂಡನ್ನು ತೆಗೆದು ಬೇರೆ ಗುಂಡು ಕೂಡಿಸಬೇಕು ಎಂದರು. ಅಕ್ಕನಿಗೆ ಹಿಂದೆ ಕಾಲು ಊದಿಕೊಂಡಿತ್ತೇ, ಲಕ್ವ ಹೊಡೆದಿತ್ತೇ, ಎದೆನೋವು ಬಂದಿತ್ತೇ ಎಂದು ಒಂದೊಂದಾಗಿ ಕೇಳಿದರು. ಇಲ್ಲ ಎಂದೆವು. ಮನೆಯಲ್ಲಿ ಬೇರೆ ಯಾರಿಗಾದರೂ ಎಂದು ಕೇಳಿದಾಗಲೂ ನಾನು ಇಲ್ಲ ಎಂದೆ. ಅಪ್ಪನ ವಿಷಯ ಹೇಳಿದರೆ ಆಪರೇಷನ್ ಮಾಡದೆ ಬಳ್ಳಾರಿಗೋ ಹುಬ್ಬಳ್ಳಿಗೋ ಕಳಿಸಿಬಿಡುತ್ತಾರೆ ಎಂದು ನನ್ನ ಲೆಕ್ಕ. ಮೊದಲ ಸುಳ್ಳು ಅದು.

ಆಪರೇಷನ್ ಬೆಳಿಗ್ಗೆಯೇ ಮುಗಿಯಿತು. ರಕ್ತ ಹೆಚ್ಚು ಹೋಗದಂತೆ ಮೊದಲೇ ಒಂದು ಸೂಜಿ ಕೊಟ್ಟಿದ್ದೆವು, ಹೊರಗಿನ ರಕ್ತ ಬೇಕಾಗಲಿಲ್ಲ ಎಂದು ಡಾಕ್ಟರು ಹೇಳಿ ಹೋದರು. ಅದೇ ಔಷಧಿಯನ್ನು ಇನ್ನು ಮೂರು ಹೊತ್ತು ಗುಳಿಗೆಯಲ್ಲಿ ಕೊಡಬೇಕಿತ್ತಂತೆ. ವಾರ್ಡಿನ ನರ್ಸ್ ಸಂಡೂರಿನ ಹುಡುಗಿ, ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಅಂದು ವಾರ್ಡಿನ ಎಲ್ಲ ಹಾಸಿಗೆಗೂ ಅವಳೊಬ್ಬಳೇ. ನೋವಿನ ಗುಳಿಗೆ, ಹೊಟ್ಟೆ ಉರಿಯದಿರಲು ಒಂದು, ಈ ಬಿಳಿಯದು, ಎಲ್ಲವನ್ನೂ ನನ್ನ ಕೈಗೆ ಕೊಟ್ಟಳು.

"ಅಣ್ಣಾರ, ಅಮ್ಮಾರು ಗಂಜಿ ಕುಡಿದ ಮ್ಯಾಲ ಈ ಮೂರೂ ನುಂಗಸ್ರಿ."

"ಈ ಬಿಳೇದು ಯಾತಕ್ಕರಿ?"

"ರಕ್ತ ಹೆಪ್ಪುಗಟ್ಟಿದ್ದು ಜಲ್ದಿ ಕರಗಬಾರದು ಅಂತ್ರಿ," ಎಂದು ಹೇಳಿ ಮುಂದಿನ ಹಾಸಿಗೆಗೆ ಹೋದಳು.

ಹೆಪ್ಪು ಕರಗಬಾರದು. ನನ್ನ ಕಿವಿಗೆ ಬಿದ್ದದ್ದು ಇಷ್ಟೇ. ಅಪ್ಪನ ಹೆಪ್ಪು ಕರಗಲಿ ಎಂದು ನಾಲ್ಕು ದಿನ ಕಾದವನಿಗೆ, ಕರಗದ ಹಾಗೆ ಮಾಡುವ ಗುಳಿಗೆಯನ್ನು ಅಕ್ಕನ ಬಾಯಿಗೆ ಹಾಕು ಎನ್ನುತ್ತಿದ್ದಾರೆ. ಮಧ್ಯಾಹ್ನ ಉಳಿದ ಎರಡನ್ನು ಕೊಟ್ಟು ಅದನ್ನು ಇಟ್ಟುಕೊಂಡೆ. ಕೇಳಿ ತಿಳಿದುಕೊಂಡು ಆಮೇಲೆ ಕೊಟ್ಟರಾಯಿತು ಎಂದುಕೊಂಡಿದ್ದೆ. ಕೇಳಲಿಲ್ಲ. ಸಂಜೆಯದೂ ಜೇಬಿಗೆ ಹೋಯಿತು.

ಮರುದಿನ ಬೆಳಿಗ್ಗೆ ಅನುಮಾನ ಗಟ್ಟಿಯಾಯಿತು. ನರ್ಸ್ ಬಂದು ಅಕ್ಕನ ಹೊಟ್ಟೆಗೆ ಒಂದು ಸಣ್ಣ ಸೂಜಿ ಚುಚ್ಚಿದಳು. ಇದೇನು ಎಂದೆ.

"ಮಲಗಿದಲ್ಲೇ ಇರ್ತಾರಲ್ರಿ, ಕಾಲಾಗ ರಕ್ತ ಹೆಪ್ಪುಗಟ್ಟಬಾರದು ಅಂತ. ದಿನಾ ಒಂದು ಕೊಡಬೇಕ್ರಿ."

ಪಕ್ಕದ ಹಾಸಿಗೆಯಲ್ಲಿ ಬಂಡ್ರಿಯ ಅಜ್ಜಿಯೊಬ್ಬಳಿದ್ದಳು. ಅವಳನ್ನು ನೋಡಿಕೊಳ್ಳುತ್ತಿದ್ದ ಅವಳ ಗಂಡ ಮೊದಲು ಅದಿರಿನ ಲಾರಿ ಓಡಿಸುತ್ತಿದ್ದವನು. ನರ್ಸ್ ಅತ್ತ ಹೋಗುತ್ತಲೇ ಅವನು ನನ್ನ ಕಡೆ ಬಗ್ಗಿದ.

"ಕೇಳಿದೇನು ತಮ್ಮಾ? ನಿನ್ನೆ ಹೆಪ್ಪು ಕರಗಬಾರದು ಅಂದ್ಳು. ಇವತ್ತು ಹೆಪ್ಪು ಕಟ್ಟಬಾರದು ಅಂತಾಳ. ಬ್ರೇಕೂ ಅವರ ಒತ್ತತಾರ, ಎಕ್ಸಲೇಟರೂ ಅವರ ಒತ್ತತಾರ. ಗಾಡಿ ಎತ್ತಾಗ ಹೋಗಬೇಕು?"

"ಸುಮ್ನಿರ್ರಿ, ಕಂಡಕಂಡಲ್ಲಿ ಲಾರಿ ಪಲ್ಟಿ ಮಾಡಿದೋರು ನೀವು ಏನ್ ಹೇಳ್ತೀರಿ," ಎಂದು ಅಜ್ಜಿ ಮಲಗಿದಲ್ಲಿಂದಲೇ ಅಂದಳು.

"ಒಮ್ಮೆ ಪಲ್ಟಿ ಆಗೈತಿ. ಅದೂ ನಿಮ್ಮಣ್ಣ ಪಕ್ಕದಾಗ ಕುಂತು ಮಾತಾಡಿದ್ದಕ್ಕ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ನನಗೆ ಕಂಡದ್ದು ನನ್ನ ಕಾಲುವೆ. ಒಂದೇ ತೂಬನ್ನು ಒಬ್ಬನೇ ನೀರಗಂಟಿ ಒಂದೇ ಹೊತ್ತಿನಲ್ಲಿ ಮುಚ್ಚಿಯೂ ಇದ್ದಾನೆ, ತೆರೆದೂ ಇದ್ದಾನೆ ಎಂದರೆ ನೀರು ಬೇರೆ ಕಡೆ ಹೋಗುತ್ತಿದೆ ಎಂದೇ ಅರ್ಥ. ಅಂಥ ಇಬ್ಬರನ್ನು ನಾನೇ ಹಿಡಿದುಕೊಟ್ಟಿದ್ದೇನೆ. ಇಲ್ಲಿಯೂ ಎರಡರಲ್ಲಿ ಒಂದು ಸುಳ್ಳು ಇರಲೇಬೇಕು. ಯಾವುದು ಸುಳ್ಳು? ಅಪ್ಪನನ್ನು ಕೊಂದದ್ದು ಹೆಪ್ಪು. ಆದ್ದರಿಂದ ಹೆಪ್ಪು ಕಟ್ಟದಂತೆ ಮಾಡುವ ಸೂಜಿ ಒಳ್ಳೆಯದು, ಹೆಪ್ಪು ಕಾಯುವ ಗುಳಿಗೆ ಕೆಟ್ಟದ್ದು. ಮೂರನೆಯದನ್ನೂ ಇಟ್ಟುಕೊಂಡೆ.

ಗಂಜಿ ಕುಡಿದ ಅಕ್ಕ ಅಂಗೈ ಚಾಚಿದಳು. ಎರಡು ಗುಳಿಗೆ ಹಾಕಿದೆ.

"ಮೂರು ಅಂದಿದ್ಲಲ್ಲೋ ಆ ಹುಡುಗಿ?"

"ಒಂದು ನಿಂತೈತಿ. ನುಂಗು."

ಅವಳು ಮತ್ತೆ ಕೇಳಲಿಲ್ಲ, ನುಂಗಿದಳು. ಚಿಕ್ಕವನಿದ್ದಾಗ ಅವಳು ಕೈಗೆ ಹಾಕಿದ್ದನ್ನು ನಾನು ಹೀಗೆಯೇ ತಿನ್ನುತ್ತಿದ್ದೆ. ಸ್ವಲ್ಪ ಹೊತ್ತಿಗೆ ನರ್ಸ್ ಔಷಧಿಯ ಲೆಕ್ಕದ ಕಾಗದ ಸಿಕ್ಕಿಸಿದ ಹಲಗೆ ಹಿಡಿದು ಬಂದಳು. "ಮೂರೂ ಕೊಟ್ರೇನ್ರಿ?" ಎಂದಳು. "ಕೊಟ್ಟೀನ್ರಿ," ಎಂದೆ. ಅವಳು ರೈಟ್ ಗುರುತು ಹಾಕಿಕೊಂಡು ಹೋದಳು. ಹಿಂದಿನ ಎರಡು ಹೊತ್ತಿನದೂ ಹೀಗೆಯೇ ಗುರುತಾಗಿತ್ತು.

ಅಂದು ಮಧ್ಯಾಹ್ನದೊಳಗೆ ಅಕ್ಕನ ತೊಡೆ ಊದಿಕೊಂಡಿತು. ಗಾಯದ ಪಟ್ಟಿ ಒದ್ದೆಯಾಯಿತು, ಹಾಸಿಗೆಯೂ ಒದ್ದೆಯಾಯಿತು. ಮುಖ ಬೂದಿಯ ಬಣ್ಣಕ್ಕೆ ತಿರುಗಿತು. "ತಮ್ಮಾ, ಕಣ್ಣು ಕತ್ತಲಿ ಬರಾಕತ್ತೈತಿ," ಎಂದಳು. ನಾನು ಕೂಗುವ ಮೊದಲೇ ನರ್ಸ್ ಓಡಿ ಬಂದು ಗಾಯವನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡಳು. ಅಕ್ಕನನ್ನು ಮತ್ತೆ ಒಳಗೆ ತೆಗೆದುಕೊಂಡು ಹೋದರು. ಗಾಯ ಮತ್ತೆ ಬಿಚ್ಚಿ, ಒಳಗೆ ತುಂಬಿದ್ದ ರಕ್ತ ತೆಗೆದು, ಮೂರು ಬಾಟಲಿ ರಕ್ತ ಹಾಕಿದರು.

ಹೊರಗೆ ಬಂದ ಡಾಕ್ಟರು ವಾರ್ಡಿನ ನಡುವೆ ನಿಂತು ಹಲಗೆ ನೋಡಿದರು. "ಗುಳಿಗೆ ಮೂರು ಹೊತ್ತೂ ಕೊಟ್ಟಿದ್ದೀರಾ?"

"ಹೌದು ಸರ್. ಅವರ ತಮ್ಮ ನುಂಗಿಸ್ಯಾರ. ಕೇಳಿ ಬರದೀನಿ."

"ಕೇಳಿ ಬರೆಯೋದಕ್ಕೆ ನೀವು ಯಾಕೆ ಬೇಕು? ಕಣ್ಣಾರೆ ನೋಡಿದ್ದೀರಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಡಾಕ್ಟರು ನನ್ನ ಕಡೆ ತಿರುಗಿದರು. "ಕೊಟ್ರಾ?"

ಮೂರು ಗುಳಿಗೆಯೂ ಜೇಬಿನಲ್ಲಿತ್ತು. ನಿಜ ಹೇಳಲು ಒಂದೇ ಮಾತು ಸಾಕಿತ್ತು. "ಕೊಟ್ಟೀನ್ರಿ," ಎಂದೆ.

ಗುಳಿಗೆ ನುಂಗಿಯೂ ಇಷ್ಟು ರಕ್ತ ಹೋಗಿದೆ ಎಂದರೆ ಸೂಜಿಯ ಅಳತೆಯೇ ತಪ್ಪಿರಬೇಕು ಎಂದು ಅನುಮಾನ ನರ್ಸಿನ ಮೇಲೆ ಹೋಯಿತು. ಎಷ್ಟು ಚುಚ್ಚಿದೆ, ಯಾವಾಗ ಚುಚ್ಚಿದೆ, ಬೇರೆ ಯಾರದಾದರೂ ಸೂಜಿಯನ್ನು ಇವರಿಗೆ ಕೊಟ್ಟೆಯಾ ಎಂದು ಎಲ್ಲರ ಎದುರೇ ಕೇಳಿದರು. ಅವಳ ತೋಳಿನ ಮೇಲೆ ಅಕ್ಕನ ರಕ್ತ ಇನ್ನೂ ಒಣಗಿರಲಿಲ್ಲ. ಬಂಡ್ರಿಯ ಅಜ್ಜ ನನ್ನ ಕಿವಿಯಲ್ಲಿ, "ಹೊಸಾ ಹುಡುಗಿ, ಕೈ ತಪ್ಪಿರಬೇಕು," ಎಂದ. ನಾನು ಹೂಂ ಎಂದೆ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನಾನೂ ಅವಳನ್ನೇ ಅನುಮಾನಿಸತೊಡಗಿದ್ದೆ. ಹಾಗೆ ಅನುಮಾನಿಸುವುದು ನನಗೆ ಹಗುರವಾಗಿತ್ತು.

ಮರುದಿನ ಬೇರೆ ನರ್ಸ್ ಬಂದಳು. ಡಾಕ್ಟರು ನನ್ನನ್ನು ಕೋಣೆಗೆ ಕರೆದರು. ಗುಳಿಗೆ ತೆಗೆದುಕೊಂಡ ಮೇಲೂ ಹೀಗಾಗಿದ್ದರಿಂದ ನಿಮ್ಮ ಅಕ್ಕನ ರಕ್ತದಲ್ಲೇ ಏನಾದರೂ ದೋಷವಿದೆಯೇ ಎಂದು ನೋಡಬೇಕು, ರಕ್ತವನ್ನು ಬಳ್ಳಾರಿಗೆ ಕಳಿಸುತ್ತೇವೆ, ಅಲ್ಲಿಯವರೆಗೆ ಹೊಟ್ಟೆಯ ಸೂಜಿ ನಿಲ್ಲಿಸಿದ್ದೇನೆ ಎಂದರು.

"ಸೂಜಿ ನಿಲ್ಲಿಸಿದ್ರ ಏನಾಗ್ತೈತ್ರಿ?"

"ಕಾಲಿನ ನರದಲ್ಲಿ ಹೆಪ್ಪು ಕಟ್ಟಬಹುದು. ಅದು ಎದೆಗೆ ಹೋದರೆ ಕಷ್ಟ. ಕೊಟ್ಟರೆ ಮತ್ತೆ ರಕ್ತ ಹೋಗುವ ಭಯ. ಎರಡರ ನಡುವೆ ಸಿಕ್ಕಿದ್ದೇವೆ."

ಹೊರಗೆ ಬಂದು ಅಕ್ಕನ ಕಾಲ ಬಳಿ ಕುಳಿತೆ. ನಾನು ಹೆದರಿದ್ದ ಹೆಪ್ಪನ್ನು ನನ್ನ ಸುಳ್ಳೇ ಅವಳ ಕಾಲಿಗೆ ಕರೆದು ತರುತ್ತಿದೆ ಎಂದು ತಿಳಿಯಿತು. ಆಗಲೂ ಏಳಲಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಅವಳ ಎರಡೂ ಕಾಲುಗಳನ್ನು ನೋಡುತ್ತ ಕುಳಿತೆ. ಎಡಗಾಲು ದಪ್ಪವಾದಂತೆ ಕಂಡಿತು. ಬೆರಳಿನಿಂದ ಒತ್ತಿದೆ. ಇಲ್ಲ, ಬಲಗಾಲೇ ದಪ್ಪ. ಮತ್ತೆ ಒತ್ತಿದೆ.

"ಏನ್ ಲೇ ಅದು, ಮಾವಿನಹಣ್ಣು ಕೊಳ್ಳಾಂವ ಹಿಚುಕಿದಂಗ ಹಿಚುಕ್ತಿ?" ಎಂದಳು ಅಕ್ಕ, ದನಿಯಲ್ಲಿ ಶಕ್ತಿ ಇರಲಿಲ್ಲ. ಆಮೇಲೆ, "ಅಲ್ಲೇ ಮೀನಖಂಡದಾಗ ಹಿಡಿದಂಗ ಆಗೈತಿ, ಸ್ವಲ್ಪ ತಿಕ್ಕು," ಎಂದಳು.

ತಿಕ್ಕಲಿಲ್ಲ. ಎದ್ದು ನೇರ ಡಾಕ್ಟರ ಕೋಣೆಗೆ ಹೋಗಿ ಮೂರು ಗುಳಿಗೆಯನ್ನೂ ಮೇಜಿನ ಮೇಲೆ ಇಟ್ಟೆ. ಅವರು ಗುಳಿಗೆ ನೋಡಿದರು, ನನ್ನನ್ನು ನೋಡಿದರು. ಬೈಯಲಿಲ್ಲ. ಮೊದಲು ಫೋನೆತ್ತಿ ಅಕ್ಕನ ಕಾಲಿನ ಸ್ಕ್ಯಾನ್ ಮಾಡಲು ಹೇಳಿದರು. ಆಮೇಲೆ ಯಾಕೆ ಎಂದು ಕೇಳಿದರು. ಅಪ್ಪನ ಸಾವು, ಬ್ರೇಕು, ತೂಬು ಎಲ್ಲ ಹೇಳಿದೆ.

ಅವರು ಒಂದು ಕಾಗದದ ಹಿಂಬದಿಯಲ್ಲಿ ಗೆರೆ ಎಳೆದು ತೋರಿಸಿದರು. ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಗಾಯವಾದಲ್ಲಿ ದೇಹವೇ ನೂಲಿನಂಥ ಎಳೆಗಳ ಬಲೆ ನೇಯ್ದು ರಕ್ತಕ್ಕೆ ಅಡ್ಡ ಕಟ್ಟುತ್ತದೆ. ಅದು ಹೆಪ್ಪು. ಆದರೆ ಕಟ್ಟಿದ್ದು ಶಾಶ್ವತವಾಗಿ ಉಳಿಯಬಾರದಲ್ಲ, ಹಾಗಾಗಿ ಆ ಎಳೆಗಳನ್ನು ಕತ್ತರಿಸುವ ವಸ್ತುವನ್ನೂ ದೇಹವೇ ಇಟ್ಟುಕೊಂಡಿರುತ್ತದೆ. ದೊಡ್ಡ ಆಪರೇಷನ್ ಆದಾಗ ಈ ಕತ್ತರಿಸುವ ಕೆಲಸ ಗಾಯ ಗಟ್ಟಿಯಾಗುವ ಮೊದಲೇ ಜೋರಾಗಿ ಶುರುವಾಗುತ್ತದೆ. ಬಿಳಿ ಗುಳಿಗೆ ಹೊಸ ಹೆಪ್ಪನ್ನು ಕಟ್ಟುವುದಿಲ್ಲ. ಕತ್ತರಿಸುವ ವಸ್ತು ಎಳೆಯನ್ನು ಹಿಡಿಯುವ ಜಾಗಕ್ಕೆ ಅಡ್ಡ ಕುಳಿತುಬಿಡುತ್ತದೆ, ಅಷ್ಟೇ. ಅದಕ್ಕೆ ಹಿಡಿತ ಸಿಗದೆ ಕಟ್ಟಿದ್ದು ಉಳಿಯುತ್ತದೆ. ಕೆಲವು ಗಂಟೆಗಳಲ್ಲಿ ಔಷಧಿ ಮೂತ್ರದಲ್ಲಿ ಹೋದ ಮೇಲೆ ದೇಹ ನಿಧಾನಕ್ಕೆ ಹೆಪ್ಪನ್ನು ಕರಗಿಸಿಕೊಳ್ಳುತ್ತದೆ. ಹೊಟ್ಟೆಯ ಸೂಜಿಯ ಕೆಲಸ ಬೇರೆ. ಅದು ಕಟ್ಟಬಾರದ ಕಡೆ, ಅಲುಗಾಡದೆ ಮಲಗಿದ ಕಾಲಿನಲ್ಲಿ, ಹೊಸದು ಕಟ್ಟದಂತೆ ನೋಡಿಕೊಳ್ಳುತ್ತದೆ.

ಇದು ನನಗೆ ಗೊತ್ತಿಲ್ಲದ ವಿದ್ಯೆ ಅಲ್ಲ. ಬದುವಿಗೆ ಹೊಸದಾಗಿ ಹುಲ್ಲು ಮಣ್ಣು ಮೆತ್ತಿದ ಮೇಲೆ ಅದು ಬಿಗಿಯುವವರೆಗೆ ಏಡಿ ಕೊರೆಯದಂತೆ ಕಾಯುವವನು ನಾನೇ. ಹಾಗೆ ಕಾಯುತ್ತಲೇ, ಹೂಳು ಕಟ್ಟದಂತೆ ಮುಂದಿನ ಕಾಲುವೆಯಲ್ಲಿ ನೀರನ್ನು ಹರಿಯಬಿಡುವವನೂ ನಾನೇ. ಎರಡೂ ಒಂದೇ ದಿನ ಮಾಡುತ್ತೇನೆ. ಯಾರೂ ನನ್ನನ್ನು ಕಳ್ಳ ಎಂದಿಲ್ಲ.

"ನಾನು ಕೊಡದಿದ್ದಕ್ಕ ಹಿಂಗಾತೇನ್ರಿ?"

"ಖಚಿತವಾಗಿ ಹೇಳಲಾರೆ," ಎಂದರು ಡಾಕ್ಟರು. "ಗುಳಿಗೆ ಕೊಟ್ಟಿದ್ದರೂ ಕೆಲವರಿಗೆ ರಕ್ತ ಹೋಗುತ್ತದೆ, ಕೊಡದಿದ್ದರೂ ಕೆಲವರಿಗೆ ಏನೂ ಆಗುವುದಿಲ್ಲ. ನಿಮ್ಮ ತಂದೆಯ ವಿಷಯ ಹೇಳಿದ್ದರೆ ನಾನೇ ಇನ್ನೊಮ್ಮೆ ಯೋಚಿಸುತ್ತಿದ್ದೆ. ನಿಮ್ಮ ಭಯ ತಪ್ಪಲ್ಲ. ಕೊಟ್ಟೆ ಅಂದದ್ದು ತಪ್ಪು. ಆ ಮಾತಿನ ಮೇಲೆ ನಾನು ಸೂಜಿ ನಿಲ್ಲಿಸಿದ್ದೆ."

ಹಲಗೆ ತರಿಸಿ ಮೂರು ರೈಟ್ ಗುರುತುಗಳ ಮೇಲೂ ಗೀಟು ಎಳೆದರು. ಕಾಲಿನಲ್ಲಿ ಹೆಪ್ಪು ಇರಲಿಲ್ಲ, ಬರೀ ನರ ಹಿಡಿದಿತ್ತು. ಗಾಯ ಒಣಗಿದ್ದನ್ನು ನೋಡಿಕೊಂಡು ಮರುದಿನದಿಂದ ಸೂಜಿ ಮತ್ತೆ ಶುರುವಾಯಿತು. ನಾನು ಏಳುವಾಗ ಡಾಕ್ಟರು, "ಸಿಸ್ಟರ್‌ಗೆ ನಾನು ತಪ್ಪು ಮಾತಾಡಿದೆ, ನಾನು ಹೇಳುತ್ತೇನೆ. ನೀವೂ ಹೋಗಿ ಹೇಳಿ," ಎಂದರು. ಹೂಂ ಎಂದು ಬಂದೆ. ಅಷ್ಟರಲ್ಲಿ ಅವಳು ಕೆಲಸ ಬಿಟ್ಟು ಸಂಡೂರಿಗೆ ಹೋಗಿದ್ದಳು. ಡಾಕ್ಟರು ಹೇಳಿದರೋ ಇಲ್ಲವೋ ಆಗ ನನಗೆ ತಿಳಿಯಲಿಲ್ಲ. ನಾನಂತೂ ಹೋಗಲಿಲ್ಲ.

ಎರಡು ಸಲ ಬಿಚ್ಚಿದ ಗಾಯ ಮಾಯಲು ತಿಂಗಳುಗಳೇ ಹಿಡಿದವು. ಅಕ್ಕ ಕೋಲು ಹಿಡಿದು ನಡೆಯುತ್ತಾಳೆ. ಶಾಲೆಯ ದೊಡ್ಡ ಪಾತ್ರೆ ಎತ್ತಲು ಆಗುವುದಿಲ್ಲ ಎಂದು ಕೆಲಸ ಬಿಟ್ಟಳು. ನೋಡಲು ಬಂದವರಿಗೆಲ್ಲ, "ನನ್ನ ತಮ್ಮ ಹಗಲೆಲ್ಲ ಕಾಲ ಬುಡದಾಗ ಕುಂತು ನನ್ನ ಉಳಿಸಿದ," ಎಂದು ಹೇಳುತ್ತಿದ್ದಳು. ಒಂದೂವರೆ ವರ್ಷ ಅದನ್ನು ಕೇಳಿಸಿಕೊಂಡೆ.

ಈ ಸಲ ಕಾಲುವೆ ನೀರು ನಿಂತ ಮೇಲೆ ಚಿತ್ತವಾಡ್ಗಿಗೆ ಹೋಗಿದ್ದೆ. ಪಕ್ಕದ ಮನೆಯವರು ಕುಳಿತಿದ್ದಾಗ ಅಕ್ಕ ಮತ್ತೆ ಅದೇ ಮಾತು ಹೇಳಿದಳು. ಅವರು ಎದ್ದು ಹೋದ ಮೇಲೆ ಎಲ್ಲ ಹೇಳಿಬಿಟ್ಟೆ. ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೈ ನಿಂತಿತು.

"ಗದ್ದಿ ನೀರು ಕಾಯಾಂವ ನನ್ನ ರಕ್ತ ಕಾಯಾಕ ಹೊಂಟಿದ್ದೇನು?"

ಮೊರವನ್ನು ಪಕ್ಕಕ್ಕಿಟ್ಟಳು.

"ನನಗ ಹೇಳಬೇಕಿತ್ತಲ್ಲೋ. ಅಪ್ಪ ನನಗೂ ಅಪ್ಪನ. ಹೆದರಿಕಿ ನನಗೂ ಇತ್ತು. ಇಬ್ರೂ ಕೂಡಿ ಕೇಳ್ತಿದ್ವಿ."

"ತಪ್ಪಾತು ಅಕ್ಕ."

"ಆ ಹುಡುಗಿಗೆ ಹೇಳೀಯೇನು?"

"ಇಲ್ಲ."

ಅವಳು ಬಹಳ ಹೊತ್ತು ನನ್ನನ್ನು ನೋಡಿದಳು. ನನ್ನ ಅಕ್ಕ ನನ್ನನ್ನು ಹಾಗೆ ಅನುಮಾನದಿಂದ ನೋಡಿದ್ದು ಅದೇ ಮೊದಲು. "ನನ್ನ ಗಾಯ ಒತ್ತಿ ಹಿಡಿದಾಕಿ ಆಕಿ. ನಾಳೆ ಹೋಗಿ ಹೇಳಿ ಬಾ. ಹೇಳಿ ಬರೋತನಾ ಈ ಮನಿ ಮೆಟ್ಟಿಲ ಹತ್ತಬ್ಯಾಡ," ಎಂದಳು.

ಮರುದಿನ ಸಂಡೂರಿನ ಬಸ್ಸು ಹತ್ತಿದೆ. ಹೊಸಪೇಟೆಯ ಆಸ್ಪತ್ರೆಯಲ್ಲಿದ್ದ ನರ್ಸ್ ಎಂದು ಬಸ್ ಸ್ಟ್ಯಾಂಡಿನ ಹತ್ತಿರ ಕೇಳಿಕೊಂಡು ಹೋದರೆ ಅವಳು ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಇದ್ದಾಳೆಂದು ತಿಳಿಯಿತು. ರೋಗಿಗಳು ಹೋಗುವವರೆಗೆ ಬೆಂಚಿನ ಮೇಲೆ ಕಾದೆ. ನನ್ನನ್ನು ಗುರುತಿಸಿದಳು. ಕುಳಿತುಕೊಳ್ಳಿ ಎನ್ನಲಿಲ್ಲ. ನಿಂತೇ ಹೇಳಿದೆ, ಮೂರು ಹೊತ್ತಿನದೂ ಹೇಳಿದೆ.

"ಡಾಕ್ಟರು ಫೋನ್ ಮಾಡಿದ್ರು," ಎಂದಳು. "ಏನೋ ತಪ್ಪು ತಿಳುವಳಿಕಿ ಆಗಿತ್ತು ಅಂದ್ರು. ನೀವು ಕೊಟ್ಟಿಲ್ಲ ಅಂತ ಹೇಳಲಿಲ್ಲ. ಒಂದೂವರಿ ವರ್ಷ ಆ ಸೂಜಿ ನಾನ ತಪ್ಪಿ ಕೊಟ್ಟೆನೋ ಏನೋ ಅಂತ ಕೈ ನೋಡ್ಕೊಂತ ಕುಂತೀನ್ರಿ. ಈಗೂ ಯಾರಿಗರೆ ಸೂಜಿ ಚುಚ್ಚಬೇಕಂದ್ರ ಮೂರು ಸಲ ಅಳತಿ ನೋಡ್ತೀನಿ."

"ತಪ್ಪು ನಂದವ್ವ."

"ಅವತ್ತು ಬಾಯಿಲೆ ಕೊಟ್ಟೀನಿ ಅಂದ್ರಿ, ನಂಬಿದೆ. ಇವತ್ತು ಬಾಯಿಲೆ ಕೊಟ್ಟಿಲ್ಲ ಅಂತೀರಿ. ಹ್ಯಾಂಗ ನಂಬಲಿ? ಬರದು ಕೊಡ್ರಿ."

"ನಾನು ಓದಿದ್ದು ಐದನೇತ್ತಿ."

"ಸುಳ್ಳು ಹೇಳಾಕ ಅಷ್ಟು ಓದು ಸಾಕಾತಲ್ರಿ. ಖರೇ ಬರಿಯಾಕೂ ಸಾಕು."

ಕಾಗದ, ಪೆನ್ನು ಕೊಟ್ಟಳು. ಕ್ಲಿನಿಕ್ಕಿನ ಬೆಂಚಿನ ಮೇಲೆ ಕುಳಿತು ಬರೆದೆ. ಅವಳು ಓದಿ ಹಿಂದಕ್ಕೆ ಕೊಟ್ಟಳು. "ಹೊತ್ತು ಬರೀರಿ. ಯಾವ ಯಾವ ಹೊತ್ತು, ಯಾರು ಕೇಳಿದ್ರು, ಏನಂದ್ರಿ." ಅದನ್ನೂ ಬರೆದು ಸಹಿ ಮಾಡಿದೆ. ಆಗಲೂ ಅವಳಿಗೆ ಸಮಾಧಾನವಾಗಲಿಲ್ಲ. ಯಾರಾದರೂ ಹೇಳಿ ಬರೆಸಿದ್ದಾರೆಯೇ ಎಂದು ಕೇಳಿದಳು. ಅಕ್ಕನ ನಂಬರ್ ತೆಗೆದುಕೊಂಡು ನನ್ನ ಎದುರೇ ಫೋನ್ ಮಾಡಿದಳು.

ಅತ್ತಲಿಂದ ಅಕ್ಕನ ದನಿ ನನಗೂ ಕೇಳುತ್ತಿತ್ತು. "ಹೌದವ್ವ, ಖರೇನ ಐತಿ. ನನ್ನ ತಮ್ಮನ ಮಾಡಿದ್ದು. ನಿಂದೇನೂ ತಪ್ಪಿಲ್ಲ ತಾಯಿ."

ಹುಡುಗಿ, "ಕಾಲು ಹ್ಯಾಂಗೈತ್ರಿ ಅಮ್ಮಾ?" ಎಂದಳು. ಗಾಯದಲ್ಲಿ ನವೆ ಇದೆಯೇ, ಮೆಟ್ಟಿಲು ಹತ್ತುತ್ತೀರಾ, ಕೋಲು ಯಾವ ಕೈಯಲ್ಲಿ ಹಿಡಿಯುತ್ತೀರಿ ಎಂದು ಒಂದೊಂದಾಗಿ ಕೇಳಿದಳು. ಕೋಲು ತಪ್ಪು ಕೈಯಲ್ಲಿತ್ತು. ಮುರಿದ ಕಾಲಿನ ಕಡೆ ಅಲ್ಲ, ಇನ್ನೊಂದು ಕಡೆ ಹಿಡಿಯಬೇಕು ಎಂದು ಹೇಳಿಕೊಟ್ಟಳು. ಇಬ್ಬರೂ ಹತ್ತು ನಿಮಿಷ ಮಾತಾಡಿದರು. ನನ್ನ ಕಡೆ ನೋಡಲಿಲ್ಲ.

ಫೋನಿಟ್ಟ ಮೇಲೆ ನನ್ನ ಕಾಗದವನ್ನು ನಾಲ್ಕು ಮಡಿಕೆ ಮಾಡಿ ತನ್ನ ಚೀಲದಲ್ಲಿಟ್ಟುಕೊಂಡಳು. "ಇದು ನನ್ನ ಹತ್ರ ಇರಲಿ. ನೀವಿನ್ನು ಹೋಗ್ರಿ," ಎಂದು ಅಷ್ಟರಲ್ಲಿ ಬಂದು ಕುಳಿತಿದ್ದ ರೋಗಿಯನ್ನು ಕರೆದಳು.